ಬಲ್‌ಕ್ರೇಗ್ ಬ್ಯಾಂಡಿನ ಎರಡನೆಯ ಮತ

ನವೆಂಬರ್ 23, ಬುಧವಾರ

ಆಗುವುದಿಲ್ಲವಂತೆ. ಲಂಡನ್ನಿನ ಕೋರ್ಟು ಬೆಳಿಗ್ಗೆ ಹೇಳಿಬಿಟ್ಟಿತು. ಸ್ಕಾಟ್ಲೆಂಡ್ ಸ್ವತಂತ್ರವಾಗಬೇಕೇ ಬೇಡವೇ ಎಂದು ಸ್ಕಾಟ್ಲೆಂಡಿನವರನ್ನೇ ಇನ್ನೊಂದು ಸಲ ಕೇಳುವುದಕ್ಕೂ ಅವರ ಅಪ್ಪಣೆ ಬೇಕಂತೆ. ಐದು ಜನ ನ್ಯಾಯಾಧೀಶರು, ಐವರದೂ ಒಂದೇ ಬಾಯಿ. ನಾನು ಜವಾನನ ಕೆಲಸ ಮಾಡುವ ಶಾಲೆಯ ಬಾಯ್ಲರ್ ಕೋಣೆಯಲ್ಲಿ ರೇಡಿಯೋ ಹಚ್ಚಿಕೊಂಡು ಕೂತಿದ್ದೆ. ಕೈಯಲ್ಲಿದ್ದ ಸ್ಪ್ಯಾನರನ್ನು ಬೀಸಿ ಒಗೆದೆ. ಅದು ನೀರಿನ ಪೈಪಿಗೆ ಬಡಿದು ಇಡೀ ಶಾಲೆಗೆ ಗಂಟೆ ಹೊಡೆದಂತಾಯಿತು. ಎರಡನೇ ತರಗತಿಯ ಮೇಡಂ ಓಡಿಬಂದು, "ಡೂಗಲ್, ಏನಾದ್ರೂ ಬಿತ್ತಾ?" ಎಂದರು.

"ಬಿತ್ತು ಮೇಡಂ, ದೇಶ," ಎಂದೆ. ಅವರಿಗೆ ನಗಬೇಕೋ ಬೇಡವೋ ತಿಳಿಯದೆ ವಾಪಸ್ಸು ಹೋದರು.

ಎಂಟು ವರ್ಷದ ಹಿಂದೆ ಸೋತಾಗಲೂ ಹೊಟ್ಟೆ ಇಷ್ಟು ಉರಿದಿರಲಿಲ್ಲ. ಆಗ ಕೇಳಿದರು, ಬೇಡ ಎಂದವರು ಹೆಚ್ಚಾದರು, ಹಾಳಾಗಿ ಹೋಗಲಿ ಎಂದುಕೊಂಡೆ. ಈಗ ಕೇಳುವುದೇ ಬೇಡ ಎಂದರೆ? ಆಗ ಮತ ಹಾಕುವ ವಯಸ್ಸಿಲ್ಲದ ಹುಡುಗಿಯರು ಈಗ ತಮ್ಮ ಮಕ್ಕಳ ಕೈ ಹಿಡಿದು ತಂದು ನನ್ನ ಗೇಟಿನೊಳಗೆ ಬಿಟ್ಟು ಹೋಗುತ್ತಿದ್ದಾರೆ. ಅವರನ್ನು ಕೇಳಿದವರು ಯಾರು? ಒಂದು ಸಲ ಬೇಡ ಎಂದ ಮಾತ್ರಕ್ಕೆ ಜನ್ಮಪೂರ್ತಿ ಬೇಡ ಎಂದೇನೂ ಅರ್ಥವಲ್ಲ.

ಇದನ್ನೆಲ್ಲ ಸೂಪಿನ ಮುಂದೆ ಕೂತು ಐನಾಳಿಗೆ ಹೇಳಿದೆ. "ನಾನೂ ನಿಂಗೆ ಎರಡು ಸಲ ಬೇಡ ಅಂದಿದ್ದೆ. ಮೂರನೇ ಸಲ ಕೇಳಿದ್ದು ನಿನ್ನ ತಪ್ಪು," ಎಂದಳು ನನ್ನ ಹೆಂಡತಿ. ಎಂಟು ವರ್ಷದ ಹಿಂದೆ ಅವಳು ಯಾವ ಕಡೆ ಮತ ಹಾಕಿದಳೆಂದು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಕೇಳಿದರೆ ತಟ್ಟೆ ತೊಳೆಯಲು ಎದ್ದು ಹೋಗುತ್ತಾಳೆ.

ಸಂಜೆ ಗ್ಲಾಸ್ಗೋದ ಸ್ವಾತಂತ್ರ್ಯದವರಿಂದ ಫೋನ್ ಬಂತು. ಬರುವ ಮೇ ತಿಂಗಳಲ್ಲಿ ದೊಡ್ಡ ಮೆರವಣಿಗೆಯಂತೆ, ಇನ್ನೊಂದು ಮತದಾನ ಕೊಡಿ ಎಂದು ಕೇಳಲು. ಬಲ್‌ಕ್ರೇಗ್ ಗಣಿ ಬ್ಯಾಂಡು ಮುಂದೆ ನಡೆಯಬೇಕು ಎಂದು ಅವರ ಆಸೆ. ನಮ್ಮ ಬ್ಯಾಂಡು! ಬ್ಯಾಗ್‌ಪೈಪ್ ಊದುತ್ತ ಬ್ಯಾಂಡು ನಡೆಸುವ ಪೈಪ್ ಮೇಜರ್ ಆಗಿ ಹನ್ನೊಂದು ವರ್ಷದಲ್ಲಿ ಇಂಥ ಕರೆ ಬಂದಿರಲಿಲ್ಲ. ಮಂಗಳವಾರ ಅಭ್ಯಾಸದಲ್ಲಿ ಕೇಳಿ ಹೇಳುತ್ತೇನೆ ಎಂದೆ. ಕೇಳುವುದೇನು, ಮನಸ್ಸಿನಲ್ಲಿ ಆಗಲೇ ಹೊರಟಾಗಿತ್ತು.

ನವೆಂಬರ್ 29, ಮಂಗಳವಾರ

ಸೋತೆ. ಒಂದೇ ಒಂದು ಮುಷ್ಟಿಯಿಂದ.

ವಿಷಯ ಹೇಳಿದ ಕೂಡಲೇ ನಾವು ಅಭ್ಯಾಸ ಮಾಡುವ ಶಾಲೆಯ ಹಾಲ್‌ನಲ್ಲಿ ಗುಸುಗುಸು ಶುರುವಾಯಿತು. ಪಕ್ಷದ ಮೆರವಣಿಗೆಗೂ ಚರ್ಚಿನ ಮೆರವಣಿಗೆಗೂ ನಾವು ಹೋಗುವುದಿಲ್ಲ ಎಂಬುದು ಬ್ಯಾಂಡಿನ ಹಳೆಯ ಮಾತು. ಇದು ಪಕ್ಷವಲ್ಲ, ದೇಶ ಎಂದೆ. ದೊಡ್ಡ ಡ್ರಮ್ಮಿನ ಹಿಂದಿನಿಂದ ವಾಟಿ ಹೆಗ್ಗಿ, "ವೃತ್ತ ಕರಿ ಮಗಾ, ಭಾಷಣ ಬೇಡ," ಎಂದ. ಎಪ್ಪತ್ತೊಂದು ವರ್ಷ, ದನಿ ಇನ್ನೂ ಗಣಿಯೊಳಗಿನದೇ. ನಾನು ಅಜ್ಜನಾದ ಮೇಲೂ ಅವನಿಗೆ ಮಗಾ.

ವೃತ್ತದ ನಡುವೆ ನಿಂತಾಗೆಲ್ಲ ನನಗೆ ಮೈ ಒಂಥರಾ ಆಗುತ್ತದೆ. ಹದಿಮೂರು ಜನ ನನ್ನ ಸುತ್ತ ನಿಂತು, ಮುಖ ಹೊರಗೆ ಮಾಡಿ ಗೋಡೆ ನೋಡುತ್ತಾರೆ. ಬಲಗೈ ಬೆನ್ನ ಹಿಂದೆ. ಒಪ್ಪಿದವರ ಅಂಗೈ ಬಿಚ್ಚಿರುತ್ತದೆ, ಒಪ್ಪದವರದು ಮುಷ್ಟಿ. ಒಬ್ಬರ ಕೈ ಇನ್ನೊಬ್ಬರಿಗೆ ಕಾಣುವುದಿಲ್ಲ, ನನಗೊಬ್ಬನಿಗೇ ಎಲ್ಲರದೂ ಕಾಣುತ್ತದೆ. ಯಾರು ಯಾವ ಕಡೆ ಎಂದು ಗಣಿ ಕಂಪನಿಯ ಮೇಸ್ತ್ರಿಯ ಕಿವಿಗೆ ಬೀಳಬಾರದೆಂದು ಹಿರಿಯರು ಮಾಡಿಕೊಂಡ ಪದ್ಧತಿ. ನಡುವೆ ನಿಂತವನಿಗೆ ಮತವಿಲ್ಲ. ಎಷ್ಟು ಎಂದು ಹೇಳಬೇಕು, ಯಾರು ಎಂದು ಸಾಯುವ ತನಕ ಹೇಳಬಾರದು.

ಆರು ಅಂಗೈ, ಏಳು ಮುಷ್ಟಿ. ವಾಟಿಯದು ಮುಷ್ಟಿ, ಗೊತ್ತಿದ್ದದ್ದೇ. ಕಲ್ಲಿದ್ದಲು ಹೊಕ್ಕು ನೀಲಿಯಾದ ಗಾಯಗಳ ಆ ಕೈಯನ್ನು ಎಲ್ಲಿದ್ದರೂ ಗುರುತಿಸುತ್ತೇನೆ. ಮೋಯ್ಸ್ ಅಣ್ಣತಮ್ಮಂದಿರದೂ ಮುಷ್ಟಿ. ಆದರೆ ಸಣ್ಣ ಡ್ರಮ್ಮಿನ ಎಲ್ಸ್‌ಪೆತ್‌ಳ ಕೈ! ಬೆರಳು ಬಿಚ್ಚಿದವು. ನಾನು ಕಣ್ಣಾರೆ ನೋಡಿದೆ. ಪೂರ್ತಿ ಬಿಚ್ಚುವಷ್ಟರಲ್ಲಿ ಮತ್ತೆ ಮುಚ್ಚಿಕೊಂಡವು.

ಒಬ್ಬ ಹುಡುಗಿಯ ನಾಲ್ಕು ಬೆರಳಿನಿಂದ ಗ್ಲಾಸ್ಗೋ ತಪ್ಪಿತು. ಊಟ ಸೇರಲಿಲ್ಲ.

ನವೆಂಬರ್ 30, ಬುಧವಾರ

ಇಡೀ ದಿನ ಅದೇ ಯೋಚನೆ. ಏಳು ಮುಷ್ಟಿ ಎಂದರೆ ಏಳು ಬೇಡ ಅಲ್ಲ, ಆರೂವರೆ ಬೇಡ. ಹಾಗಿದ್ದ ಮೇಲೆ ಇನ್ನೊಂದು ಸಲ ಕೇಳಿದರೆ ತಪ್ಪೇನು? ನಿನ್ನೆ ಯಾರಿಗೂ ಯೋಚಿಸಲು ಪುರಸೊತ್ತಿರಲಿಲ್ಲ. ಬ್ಯಾಂಡಿನಲ್ಲಿ ಒಂದು ವಿಷಯಕ್ಕೆ ಒಂದೇ ಸಲ ಮತ ಎಂದು ಯಾರೂ ಎಲ್ಲೂ ಹೇಳಿಲ್ಲ.

ಗ್ಲಾಸ್ಗೋದವರಿಗೆ ಇನ್ನೂ ತೀರ್ಮಾನವಾಗಿಲ್ಲ ಎಂದು ಹೇಳಿದೆ.

ಡಿಸೆಂಬರ್ 8, ಗುರುವಾರ

ಎಲ್ಸ್‌ಪೆತ್ ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಾಳೆ. ಬಸ್ಸು ನಿಲ್ಲಿಸಿದಾಗಿನಿಂದ ಗುರುವಾರ ಗುರುವಾರ ನಾನೇ ಕಾರಿನಲ್ಲಿ ಬಿಡುತ್ತೇನೆ, ನನಗೂ ಆ ಕಡೆ ಶಾಲೆಯ ಸಾಮಾನು ತರುವುದಿರುತ್ತದೆ. ಒಳ್ಳೆಯ ಹುಡುಗಿ, ಕೈ ತುಂಬ ಚುರುಕು. ಅವಳಿಗೆ ಡ್ರಮ್ ಕಲಿಸಿದ್ದು ವಾಟಿ.

ದಾರಿಯಲ್ಲಿ ಮಾತಿಗೆ ಮಾತು ಬಂತು. ನಾನು ತಮಾಷೆಗೆ, "ಮೊನ್ನೆ ನಿನ್ನ ಬೆರಳು ಅರ್ಧ ಸ್ವತಂತ್ರ ಆಗಿದ್ವು ಮರಿ," ಎಂದೆ.

ಅವಳು ತಕ್ಷಣ ಕೈಯನ್ನು ಜೇಬಿಗೆ ಹಾಕಿಕೊಂಡಳು. "ಅದನ್ನ ಹೇಳ್ಬಾರ್ದಲ್ವಾ, ಅಂಕಲ್?"

"ಬೇರೆಯವರಿಗೆ ಹೇಳ್ಬಾರ್ದು. ನಿನ್ನ ಕೈ ವಿಷಯ ನಿಂಗೇ ಹೇಳಿದ್ರೆ ಏನಾಯ್ತು?"

ಕಿಟಕಿಯ ಕಡೆ ತಿರುಗಿ ಕೂತಳು. ಈಗಿನ ಮಕ್ಕಳಿಗೆ ತಮಾಷೆಯೇ ಅರ್ಥವಾಗುವುದಿಲ್ಲ. ಇಳಿಯುವಾಗ ಥ್ಯಾಂಕ್ಸ್ ಹೇಳುವುದನ್ನು ಮರೆತಳು.

ಡಿಸೆಂಬರ್ 22, ಗುರುವಾರ

ಇವತ್ತೂ ಎಲ್ಸ್‌ಪೆತ್ ಜೊತೆ ಮಾತಾಡಿದೆ. ಒತ್ತಾಯವೇನೂ ಮಾಡಲಿಲ್ಲ. ಅವಳ ಮುಂದಿನ ಐವತ್ತು ವರ್ಷದ ಬದುಕು, ನಮ್ಮದಲ್ಲ ಎಂದೆ. ವಾಟಿಯಂಥವರು ಮತ ಹಾಕಿ ಹೋಗಿಬಿಡುತ್ತಾರೆ, ಅದನ್ನು ಅನುಭವಿಸುವವಳು ನೀನು ಎಂದೆ. ಇದರಲ್ಲಿ ಸುಳ್ಳೇನಿದೆ? "ವಾಟಿ ತಾತಂಗೆ ಬೇಜಾರಾಗುತ್ತೆ," ಎಂದಳು. "ಅವನಿಗೆ ಹೇಗೆ ಗೊತ್ತಾಗುತ್ತೆ? ಅವನು ಗೋಡೆ ನೋಡ್ತಿರ್ತಾನೆ," ಎಂದೆ.

ಹೊಸ ವರ್ಷದ ಮೇಲೂ ಗುರುವಾರ ಕಾರು ಬೇಕಾ ಎಂದು ಕೇಳಿದೆ. ಕೇಳಿದ್ದು ಅಷ್ಟೇ. ಅವಳು ನನ್ನ ಮುಖವನ್ನೇ ನೋಡಿ, ಬೇಕು ಎಂದಳು.

ಜನವರಿ 2, ಸೋಮವಾರ

ವಾಟಿ ಊಟಕ್ಕೆ ಬಂದಿದ್ದ. ಹೆಂಡತಿ ಹೋದಾಗಿನಿಂದ ಹೊಸ ವರ್ಷದ ಮಾಂಸದ ಪೈ ಅವನಿಗೆ ನಮ್ಮ ಮನೆಯಲ್ಲೇ. ಐನಾ ಅವನಿಗೆ ದೊಡ್ಡ ತುಂಡು ಹಾಕಿದಳು, ನನಗೆ ಅಂಚು. ವಿಸ್ಕಿ ಒಂದು ಸುತ್ತು ಹೋದ ಮೇಲೆ ನಾನೇ ಮಾತು ತೆಗೆದೆ, ಇನ್ನೊಂದು ಸಲ ವೃತ್ತ ಕರೆಯುತ್ತೇನೆ ಎಂದೆ.

"ಯಾಕೆ? ಮೊನ್ನೆ ಎಣಿಸೋಕೆ ಬರ್ಲಿಲ್ವಾ?"

"ಜನ ಮನಸ್ಸು ಬದಲಾಯಿಸ್ತಾರೆ, ವಾಟಿ."

"ಬದಲಾಯಿಸ್ಲಿ. ಬದಲಾಯಿಸಿದೋರು ಬಂದು ಕೇಳ್ಲಿ. ಸೋತೋನೇ ಬಂದು ಕೇಳಿದ್ರೆ ಅದು ಹಟ."

ನನಗೆ ರೇಗಿತು. 1985ರಲ್ಲಿ, ವರ್ಷವಿಡೀ ನಡೆದ ಗಣಿ ಮುಷ್ಕರ ಸೋತು ಗಂಡಸರೆಲ್ಲ ಗಣಿಗೆ ವಾಪಸ್ಸು ನಡೆದ ದಿನ, ಮುಂದೆ ಇದ್ದದ್ದು ಇದೇ ಬ್ಯಾಂಡು. ಇದೇ ವಾಟಿಯ ಡ್ರಮ್ಮು. ನಾನು ಇಪ್ಪತ್ತು ವರ್ಷದವನು, ಅವನ ಹಿಂದೆಯೇ ಅಳುತ್ತ ಪೈಪು ಊದುತ್ತ ನಡೆದಿದ್ದೆ. ಅದು ರಾಜಕೀಯ ಅಲ್ಲವಾ ಎಂದು ಕೇಳಿದೆ. ಇವನಿಗೆ ಉತ್ತರ ಇರುವುದಿಲ್ಲ ಎಂದುಕೊಂಡಿದ್ದೆ.

"ಅದು ಊರು ಕಣೋ," ಎಂದ. "ಇದು ಅರ್ಧ ಊರು."

ಐನಾ ಬಟಾಣಿ ಬಡಿಸುವುದನ್ನು ನಿಲ್ಲಿಸಿದಳು. ವಾಟಿಯ ಮಾತು ಹಾಗೆಯೇ ಮುಂದುವರಿಯಿತು. ಮುಷ್ಕರದಲ್ಲಿ ಅವನು ಗಡಿಯಾಚೆಯ ಯಾರ್ಕ್‌ಷೈರಿನ ಗಣಿ ಗೇಟಿನಲ್ಲಿ ಮೂರು ವಾರ ನಿಂತಿದ್ದನಂತೆ, ಅಲ್ಲಿಯವನೊಬ್ಬನ ಮನೆಯ ನೆಲದ ಮೇಲೆ ಮಲಗುತ್ತಿದ್ದನಂತೆ. "ಅವನ ಹೆಂಡ್ತಿ ತನ್ನ ಮಕ್ಕಳ ತಟ್ಟೆಯಿಂದ ತೆಗೆದು ನಂಗೆ ಹಾಕಿದ್ಲು. ನಾಳೆಯಿಂದ ನೀವು ಬೇರೆ ದೇಶದೋರು ಅಂತ ಅವಳಿಗೆ ನಾನು ಯಾವ ಬಾಯಲ್ಲಿ ಹೇಳ್ಲಿ?"

"ಯಾರೂ ಹೇಳು ಅಂತಿಲ್ಲ ವಾಟಿ. ಪಕ್ಕದ ಮನೆಯೋರ ಜೊತೆ ಚೆನ್ನಾಗಿರೋಕೆ ಅವರ ಮನೇಲೇ ಇರ್ಬೇಕಾ?"

"ಇರ್ಬೇಡ. ಆದ್ರೆ ನನ್ನ ಮನೆ ಅಂತ ಎಪ್ಪತ್ತು ವರ್ಷ ಅಂದ್ಕೊಂಡಿರೋದನ್ನ ನೀನು ಪಕ್ಕದ ಮನೆ ಅಂತೀಯಲ್ಲ."

ಅವನು ಹೋದ ಮೇಲೆ ಐನಾ, "ಇನ್ನೊಂದ್ಸಲ ಕೇಳ್ಬೇಡ ಡೂಗಲ್," ಎಂದಳು. ಎಲ್ಲರೂ ಇದನ್ನೇ ಹೇಳುವುದು. ಲಂಡನ್ನಿನವರೂ ಇದನ್ನೇ ಹೇಳುವುದು.

ಜನವರಿ 24, ಮಂಗಳವಾರ

ಗೆದ್ದೆ! ಏಳು ಅಂಗೈ, ಆರು ಮುಷ್ಟಿ.

ಎಲ್ಸ್‌ಪೆತ್‌ಳ ಅಂಗೈ ಬಿಚ್ಚಿತು. ಒಂದೊಂದೇ ಬೆರಳು, ನಿಧಾನವಾಗಿ; ಹಾಲ್‌ನಲ್ಲಿ ಚಳಿ, ಬಾಯ್ಲರ್ ಮತ್ತೆ ಕೈಕೊಟ್ಟಿದೆ. ಲೆಕ್ಕವನ್ನು ಗಟ್ಟಿಯಾಗಿ ಹೇಳಿದೆ. ಗ್ಲಾಸ್ಗೋ ಬೀದಿ, ಸಾವಿರಾರು ಬಾವುಟ, ಮುಂದೆ ನಾವು. ಖುಷಿಯಲ್ಲಿ ಚಪ್ಪಾಳೆ ತಟ್ಟಿಬಿಟ್ಟೆ. ಬೇರೆ ಯಾರೂ ತಟ್ಟಲಿಲ್ಲ.

ವಾಟಿ ತಿರುಗಿ ನಿಂತು ಮೊದಲು ಎಲ್ಸ್‌ಪೆತ್‌ಳ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು. ಆಮೇಲೆ ನನ್ನನ್ನು ನೋಡಿದ. ಹೆಗಲಿನ ಪಟ್ಟಿ ಬಿಚ್ಚಿ ದೊಡ್ಡ ಡ್ರಮ್ಮನ್ನು ಕೆಳಗಿಟ್ಟ. ಬಡಿಗೆ ಎರಡನ್ನೂ ಅದರ ಮೇಲೆ ಅಡ್ಡಡ್ಡ ಇಟ್ಟು, ಟೋಪಿ ಹಾಕಿಕೊಂಡು ಹೊರಟ.

"ಮುಂದಿನ ಮಂಗಳವಾರ ಬೇಗ ಬಾ, ಹೊಸ ರಾಗ ಇದೆ," ಎಂದೆ. ಬಾಗಿಲು ಮೆತ್ತಗೆ ಹಾಕಿಕೊಂಡು ಹೋದ. ಸೋತವನಿಗೆ ಬೇಜಾರಾಗದೇ ಇರುತ್ತದೆಯೇ? ಎರಡು ದಿನ ಕಳೆದರೆ ಸರಿಹೋಗುತ್ತಾನೆ.

ಜನವರಿ 28, ಶನಿವಾರ

ಬಾಗಿಲ ಬಳಿ ಒಂದು ಚೀಲ. ವಾಟಿಯ ನೆರಿಗೆಯ ಲಂಗದಂಥ ಕಿಲ್ಟು, ಕೋಟು, ಕಾಲುಚೀಲ, ಎಲ್ಲ ಬ್ಯಾಂಡಿನ ಸ್ವತ್ತು. ಇಸ್ತ್ರಿ ಮಾಡಿ, ಮಡಿಕೆ ಮಡಿಕೆಗೂ ಪಿನ್ನು ಚುಚ್ಚಿದ್ದಾನೆ. ಗಂಟೆ ಒತ್ತದೆ ಹೋಗಿದ್ದಾನೆ.

ಫೆಬ್ರವರಿ 7, ಮಂಗಳವಾರ

ಒಂಬತ್ತು ಜನ ಬಂದಿದ್ದರು. ದೊಡ್ಡ ಮೋಯ್ಸ್‌ಗೆ ಮಂಡಿ ನೋವಂತೆ. ಚಿಕ್ಕ ಮೋಯ್ಸ್‌ಗೆ ಪಾಳಿ ಬದಲಾಗಿದೆಯಂತೆ. ಸಿಟ್ಟು ಮಾಡಿಕೊಂಡು ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಇಬ್ಬರೂ ಮರ್ಯಾದೆಯಾಗಿ ಮಾತಾಡಿದರು, ನಾನೂ ಮರ್ಯಾದೆಯಾಗಿ ಫೋನ್ ಇಟ್ಟೆ.

ಎಲ್ಸ್‌ಪೆತ್ ಬಂದಿರಲಿಲ್ಲ. ಕಳೆದ ಗುರುವಾರ ಅವಳ ಮನೆಯ ಮುಂದೆ ಹಾರ್ನ್ ಮಾಡಿದ್ದೆ. ಅವಳ ತಾಯಿ ಕಿಟಕಿಯಲ್ಲಿ ಕೈ ಆಡಿಸಿ ಇಲ್ಲ ಎಂದರು. ಮುಂದಿನ ತಿರುವಿನಲ್ಲಿ ನೋಡಿದರೆ ಹುಡುಗಿ ಆ ಸುರಿಯುವ ಮಂಜುಮಳೆಯಲ್ಲಿ ಕೆಲಸಕ್ಕೆ ನಡೆದುಕೊಂಡು ಹೋಗುತ್ತಿದ್ದಳು. ಕಾರು ನಿಧಾನ ಮಾಡಿದೆ. ಅವಳು ತಲೆ ಎತ್ತಲಿಲ್ಲ. ಇದೆಲ್ಲ ವಾಟಿ ಅವಳ ತಲೆಗೆ ತುಂಬಿದ್ದು.

ಫೆಬ್ರವರಿ 15, ಬುಧವಾರ

ಸಾಯಂಕಾಲ ಪಕ್ಕದ ಊರು ಪಿಟ್‌ಮಾರ್‌ಗೆ ಹೋಗಿದ್ದೆ. ಅವರ ಬ್ಯಾಂಡಿಗೂ ನಮಗೂ ಅರವತ್ತು ವರ್ಷದ ಜಿದ್ದು, ಆದರೂ ಕೈ ಜೋಡಿಸಿ ಕೇಳಿದೆ: ಮೇ ತಿಂಗಳಿಗೆ ನಿಮ್ಮ ದೊಡ್ಡ ಡ್ರಮ್ಮಿನವನನ್ನು ಒಂದು ದಿನ ಕೊಡಿ. ದೊಡ್ಡ ಡ್ರಮ್ಮಿಲ್ಲದೆ ಸ್ಪರ್ಧೆಗೆ ಸೇರಿಸಿಕೊಳ್ಳುವುದೂ ಇಲ್ಲ, ಬೀದಿಯಲ್ಲಿ ಹೆಜ್ಜೆ ಕೂಡುವುದೂ ಇಲ್ಲ. ಅವರ ಪೈಪ್ ಮೇಜರ್ ಚಹಾ ಕೊಟ್ಟ. "ನಮ್ಮವನು ಬೆನ್ನು ನೋವು ಅಂತ ಬಿಡ್ತಿದ್ದಾನೆ ಮಾರಾಯ. ನಾವೇ ಒಬ್ಬರನ್ನ ಹುಡುಕ್ತಿದೀವಿ," ಎಂದ.

ಮನೆಗೆ ಬಂದರೆ ಐನಾ, "ಕೇಳ್ದ್ಯಾ? ಎಡಿನ್‌ಬರೋದಲ್ಲಿ ನಿಮ್ಮ ಸ್ವಾತಂತ್ರ್ಯದೋರ ಫಸ್ಟ್ ಮಿನಿಸ್ಟರ್ ರಾಜೀನಾಮೆ ಕೊಟ್ರಂತೆ. ಬೆಳಿಗ್ಗೆಯಿಂದ ಟಿವೀಲಿ ಅದೇ," ಎಂದಳು. ಹೌದಾ ಎಂದೆ. ಮೋಯ್ಸ್ ಮನೆಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ.

ಮಾರ್ಚ್ 12, ಭಾನುವಾರ

ತಡೆಯಲಾಗಲಿಲ್ಲ. ವಾಟಿಯ ಮನೆಗೆ ಹೋದೆ. ಅವನು ಹಿತ್ತಲಲ್ಲಿ ಈರುಳ್ಳಿ ಸಸಿಗೆ ಪಾತಿ ಮಾಡುತ್ತಿದ್ದ. ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಬಕೆಟ್ ಬೋರಲು ಹಾಕಿಕೊಂಡು ನಾನೇ ಕೂತೆ.

"ಸೋತಿದ್ದಕ್ಕೆ ಇಷ್ಟೊಂದು ಸಿಟ್ಟಾ?" ಎಂದೆ.

"ಸೋಲೋದು ನಂಗೇನು ಹೊಸದಾ? ಮುಷ್ಕರ ಸೋತೆ, ಗಣಿ ಸೋತೆ, ಹೆಂಡ್ತೀನ ಸೋತೆ. ಮೆರವಣಿಗೆಗೆ ಹೋಗ್ಬೇಕು ಅಂತ ಬ್ಯಾಂಡು ಅಂದಿದ್ರೆ ಗೊಣಗ್ಕೊಂಡು ನಾನೂ ಬರ್ತಿದ್ದೆ. ಡ್ರಮ್ ಹೊಡೀತಿದ್ದೆ."

"ಅಂದ್ರಲ್ಲ ಮತ್ತೆ! ಏಳು ಕೈ!"

ವಾಟಿ ಸಲಿಕೆಯನ್ನು ನೆಲಕ್ಕೆ ಚುಚ್ಚಿ ನಿಲ್ಲಿಸಿದ. "ಆ ಹುಡುಗಿ ಬಂದು ಇಲ್ಲೇ, ನೀನು ಕೂತಿರೋ ಬಕೆಟ್ ಮೇಲೇ ಕೂತ್ಕೊಂಡು ಅತ್ಲು. ನನ್ನ ಬೆರಳು ಹೇಗಿತ್ತು ಅಂತ ಡೂಗಲ್ ಅಂಕಲ್‌ಗೆ ಗೊತ್ತು, ಪ್ರತಿ ಗುರುವಾರ ಅದೇ ಮಾತು ಎತ್ತುತ್ತಾರೆ ಅಂದ್ಲು. ಈ ವೃತ್ತಕ್ಕೆ ತೊಂಬತ್ತೊಂಬತ್ತು ವರ್ಷ ಮಗಾ. ನಡುವೆ ನಿಂತೋನು ಒಬ್ಬನೂ ಬಾಯಿ ಬಿಟ್ಟಿರ್ಲಿಲ್ಲ. ನನ್ನಪ್ಪನ್ನ ಪೊಲೀಸ್ರು ಹೊಡೆದ್ರೂ ಬಿಟ್ಟಿರ್ಲಿಲ್ಲ. ನೀನು ಅಲ್ಲಿ ನೋಡಿದ್ದನ್ನ ಕಾರಿಗೆ ತಗೊಂಡ್ಹೋದೆ."

ನಾನು ಏನೋ ಹೇಳಿದೆ. ಒತ್ತಾಯ ಮಾಡಲಿಲ್ಲ ಎಂದೆ, ದೇಶದ ವಿಷಯ ಎಂದೆ.

"ದೇಶದ ವಿಷಯ ಅಂತಾನೇ ಹೇಳ್ತಿರೋದು," ಎಂದು ಸಲಿಕೆ ಕಿತ್ತುಕೊಂಡ.

ವಯಸ್ಸಾಯಿತು, ಸಣ್ಣದನ್ನು ದೊಡ್ಡದು ಮಾಡುತ್ತಾನೆ. ಒಂದು ಮಾತು ಆಡಿದ್ದಕ್ಕೆ ಇಷ್ಟೊಂದಾ? ಮನೆಗೆ ಬರುವ ದಾರಿಯುದ್ದಕ್ಕೂ ಅವನಿಗೆ ಹೇಳಬೇಕಾಗಿದ್ದ ಉತ್ತರಗಳು ಹೊಳೆದವು. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಈಗ ಬರೆಯೋಣವೆಂದರೆ ಒಂದೂ ನೆನಪಿಲ್ಲ.

ಏಪ್ರಿಲ್ 1, ಶನಿವಾರ

ಮುಖ್ಯ ಬೀದಿಯಲ್ಲಿ ಶನಿವಾರ ಶನಿವಾರ ನಾನು ಕರಪತ್ರ ಹಂಚುವ ಸ್ವಾತಂತ್ರ್ಯದವರ ಸ್ಟಾಲಿಗೆ ಈ ವಾರವೂ ಹೋಗಲಿಲ್ಲ. ಶೀತ.

ಏಪ್ರಿಲ್ 18, ಮಂಗಳವಾರ

ಏಳು ಜನ. ಚಳಿಗಾಲ ಮುಗಿದ ಮೇಲೆ ಬಾಯ್ಲರ್ ಸರಿಯಾಗಿದೆ. ಇಷ್ಟು ಕಡಿಮೆ ಜನಕ್ಕೆ ಹಾಲ್ ಒಳಗೆ ಬಹಳ ಸೆಕೆ.

ಮೇ 6, ಶನಿವಾರ

ಗ್ಲಾಸ್ಗೋ ಆಯಿತು.

ಜನವೋ ಜನ. ನೀಲಿ ಬಿಳಿ ಬಾವುಟಗಳು, ಮಕ್ಕಳ ಕೆನ್ನೆಯ ಮೇಲೂ ಬಾವುಟ. ಮುಂದೆ ನಾವು ಏಳು ಜನ. ದೊಡ್ಡ ಡ್ರಮ್ಮಿಲ್ಲ. ಇಬ್ಬರು ಸಣ್ಣ ಡ್ರಮ್ಮಿನವರು ಕೈಲಾದಷ್ಟು ಹೊಡೆದರು, ಆದರೆ ಹಿಂದಿನ ಗದ್ದಲದಲ್ಲಿ ಅದು ನಮಗೇ ಕೇಳಿಸದು. ಎರಡನೇ ತಿರುವಿನಲ್ಲಿ ಹೆಜ್ಜೆ ತಪ್ಪಿತು. ನನ್ನ ಎಡಗಾಲು ಬೀಳುವಾಗ ಪಕ್ಕದವನ ಬಲಗಾಲು. ನಲವತ್ತು ವರ್ಷದಿಂದ ನನ್ನ ಕಾಲು ತಾನಾಗಿಯೇ ಬೀಳುತ್ತಿತ್ತು, ಯಾವ ಕಾಲು ಎಂದು ನಾನು ಯೋಚಿಸಿದ್ದೇ ಇಲ್ಲ. ಇವತ್ತು ನದಿಯ ತನಕ ಎಡ, ಬಲ, ಎಡ, ಬಲ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ನಡೆದೆ. ಅದರಲ್ಲೇ ರಾಗವೂ ಎರಡು ಕಡೆ ಕೆಟ್ಟಿತು.

ಯಾರಿಗೂ ಗೊತ್ತಾಗಲಿಲ್ಲ. ಕುಣಿದರು, ಕೂಗಿದರು, ಒಬ್ಬ ಮುದುಕಿ ನನ್ನನ್ನು ತಬ್ಬಿಕೊಂಡು ಕೆನ್ನೆಗೆ ಮುತ್ತು ಕೊಟ್ಟಳು. "ನಾನು ಸಾಯೋದ್ರೊಳಗೆ ಇನ್ನೊಂದು ಸಲ ಮತ ಹಾಕ್ತೀನಿ ಅಲ್ವಾ ಮಗಾ?" ಎಂದಳು. ಖಂಡಿತ ಅಮ್ಮಾ ಎಂದೆ. ಅವಳು ಮಗಾ ಎಂದದ್ದಕ್ಕೆ ಯಾಕೋ ಕಣ್ಣು ತುಂಬಿತು.

ವೇದಿಕೆಯ ಮೇಲಿದ್ದವರು ಲಂಡನ್ನಿನ ಬಗ್ಗೆ ಮಾತಾಡಿದರು. ಎಲ್ಲ ಸರಿಯಾದ ಮಾತೇ. ಬಸ್ಸಿನಲ್ಲಿ ಬರುವಾಗ ಏಳು ಜನರೂ ನಿದ್ದೆ ಮಾಡಿದಂತೆ ನಟಿಸಿದೆವು.

ಮೇ 18, ಗುರುವಾರ

ಸಮೀಕ್ಷೆಯವರದೊಂದು ಫೋನ್. ಹುಡುಗಿಯ ದನಿ. ಸ್ವಾತಂತ್ರ್ಯಕ್ಕಾಗಿ ಇನ್ನೊಂದು ಮತದಾನ ಯಾವಾಗ ನಡೆಯಬೇಕು: ಈ ವರ್ಷ, ಐದು ವರ್ಷದೊಳಗೆ, ಯಾವತ್ತೂ ಬೇಡ? ಅಷ್ಟರಲ್ಲಿ ಸೂಪು ಉಕ್ಕಿತು, ಆಮೇಲೆ ಮಾಡಮ್ಮ ಎಂದು ಇಟ್ಟುಬಿಟ್ಟೆ. ಐನಾ ಒಲೆಯ ಕಡೆ ನೋಡಿ, "ಒಲೆ ಹಚ್ಚೇ ಇಲ್ವಲ್ಲೋ," ಎಂದಳು. ನನಗೆ ಉಕ್ಕಿದ ಹಾಗೆ ಕೇಳಿಸಿತ್ತು.

ಮೇ 23, ಮಂಗಳವಾರ

ಊರ ಗಾಲಾ ಹಬ್ಬದ ಸಮಿತಿಯವರು ಶಾಲೆಗೇ ಬಂದಿದ್ದರು. ಮುಂದಿನ ವಾರಾಂತ್ಯ ಗಾಲಾ. ಹೂವಿನ ಕಿರೀಟದ ಹುಡುಗಿಯನ್ನು ಲಾರಿಯ ಮೇಲೆ ಕೂರಿಸಿಕೊಂಡು ಬ್ಯಾಂಡಿನ ಹಿಂದೆ ಇಡೀ ಊರು ನಡೆಯುತ್ತದೆ, ನನ್ನಜ್ಜನ ಕಾಲದಿಂದ ಆ ಬ್ಯಾಂಡು ನಮ್ಮದು. "ಡೂಗಲ್, ಬೇಜಾರು ಮಾಡ್ಕೋಬೇಡ. ಪಿಟ್‌ಮಾರ್‌ನೋರನ್ನ ಕರೆಸ್ತಿದೀವಿ. ಡ್ರಮ್ ಇಲ್ದೆ ಮಕ್ಕಳಿಗೆ ಹೆಜ್ಜೆ ಸಿಗಲ್ಲ ನೋಡು," ಎಂದರು.

ಸರಿ ಎಂದೆ. ಬೇರೆ ಏನು ಹೇಳಲಿ? ಅವರಿಗೆ ಬೇಕಾದ ಮಡಿಚುವ ಕುರ್ಚಿಗಳನ್ನು ಉಗ್ರಾಣದಿಂದ ತೆಗೆದುಕೊಟ್ಟೆ. ಅವರು ಹೋದ ಮೇಲೆ ಬಾಯ್ಲರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಬಹಳ ಹೊತ್ತು ಅತ್ತೆ.

ಜೂನ್ 3, ಶನಿವಾರ

ಬಿಸಿಲು ಚೆನ್ನಾಗಿತ್ತು. ಮನೆಯಲ್ಲೇ ಇರುತ್ತೇನೆ ಎಂದಿದ್ದೆ, ಐನಾ ಬಿಡಲಿಲ್ಲ. "ಊರ ಗಾಲಾ ಕಣೋ, ನಿನ್ನ ಶ್ರಾದ್ಧ ಅಲ್ಲ. ಏಳು," ಎಂದು ಅಂಗಿ ತೆಗೆದುಕೊಟ್ಟಳು. ಚಿಪ್ಸ್ ಅಂಗಡಿಯ ಮುಂದೆ ಫುಟ್‌ಪಾತಿನಲ್ಲಿ ನಿಂತೆವು. ಈ ಬೀದಿಯನ್ನು ನಾನು ಫುಟ್‌ಪಾತಿನಿಂದ ನೋಡಿದ್ದು ಇದೇ ಮೊದಲು. ನಡುವಿನಿಂದ ನಡೆಯುವಾಗ ಇಷ್ಟು ಕಿರಿದಾಗಿ ಕಾಣುತ್ತಿರಲಿಲ್ಲ.

ಮೊದಲು ಕೇಳಿಸಿದ್ದು ದೊಡ್ಡ ಡ್ರಮ್ಮು. ತಿರುವಿನಾಚೆ ಬ್ಯಾಂಡು ಕಣ್ಣಿಗೆ ಬೀಳುವ ಮುಂಚೆಯೇ ಯಾರ ಕೈ ಎಂದು ಗೊತ್ತಾಯಿತು. ಐನಾಳಿಗೂ ಗೊತ್ತಾಯಿತು, ನನ್ನ ತೋಳು ಹಿಡಿದುಕೊಂಡಳು.

ಪಿಟ್‌ಮಾರ್‌ನವರ ಕೆಂಪು ಕಿಲ್ಟಿನಲ್ಲಿ ವಾಟಿ. ಎರಡನೇ ಸಾಲಿನಲ್ಲಿ ಎಲ್ಸ್‌ಪೆತ್, ಅವಳ ಕಿಲ್ಟು ಸ್ವಲ್ಪ ಉದ್ದವಾಗಿತ್ತು, ಯಾರದೋ ಹಳೆಯದಿರಬೇಕು. ಅವಳ ಪಕ್ಕದಲ್ಲಿ ಚಿಕ್ಕ ಮೋಯ್ಸ್. ವಾಟಿ ನನ್ನನ್ನು ನೋಡಿದ, ಒಂದು ಏಟೂ ಆಚೀಚೆಯಾಗಲಿಲ್ಲ. ಊರಿನವರು ಮೊದಲು ಸುಮ್ಮನಿದ್ದರು, ಆಮೇಲೆ ಚಪ್ಪಾಳೆ ತಟ್ಟಿದರು, ಹುಡುಗರು ಹಿಂದೆ ಬಿದ್ದರು. ಸ್ವಾತಂತ್ರ್ಯ ಬೇಕು ಎಂದವರೂ ಬೇಡ ಎಂದವರೂ ಒಂದೇ ಹೆಜ್ಜೆಯಲ್ಲಿ ನಡೆದರು. ನಾನೂ ನಡೆದೆ, ಫುಟ್‌ಪಾತಿನ ಮೇಲೆಯೇ. ಹೆಜ್ಜೆ ತಪ್ಪಲಿಲ್ಲ.

ಮೈದಾನದಲ್ಲಿ ಕಿರೀಟ ತೊಡಿಸುವ ಹೊತ್ತಿಗೆ ಬ್ಯಾಂಡಿನವರಿಗೆ ವಿರಾಮ ಕೊಟ್ಟಿದ್ದರು. ವಾಟಿ ಡ್ರಮ್ಮನ್ನು ಹುಲ್ಲಿನ ಮೇಲಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದ. ಐನಾ ನನ್ನ ಬೆನ್ನಿಗೆ ಕೈಕೊಟ್ಟು ತಳ್ಳಿದಳು. ಹೋದೆ.

"ಕೆಂಪು ನಿಂಗೆ ಒಪ್ಪಲ್ಲ," ಎಂದೆ.

"ಗೊತ್ತು. ಕಸಾಯಿ ಅಂಗಡಿಯೋನ ಥರ ಕಾಣ್ತೀನಿ." ನೀರಿನ ಬಾಟಲಿ ನನ್ನ ಕಡೆ ಚಾಚಿದ. ಕುಡಿದೆ. ಇಬ್ಬರೂ ಮಕ್ಕಳ ಓಟದ ಪಂದ್ಯ ನೋಡಿದೆವು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡದ್ದೆಲ್ಲ ಬಾಯಿಗೆ ಬರಲಿಲ್ಲ, ಉಳಿದದ್ದು ಇಷ್ಟೇ ಬಂತು:

"ಮಂಗಳವಾರ ಹಾಲ್‌ಗೆ ಬಾ, ವಾಟಿ. ಎಲ್ಲರನ್ನೂ ಕರೀತೀನಿ. ಮೊದಲಿನ ಹಾಗೇ ಇರೋಣ ಅಂತ ಇನ್ನೊಂದ್ಸಲ ಮತ ಹಾಕೋಣ."

"ಇನ್ನೊಂದ್ಸಲ."

"ಹೂಂ. ಇದೊಂದೇ ಸಲ."

ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ಆ ನೀಲಿ ಗಾಯಗಳ ಕೈಯನ್ನು ನನ್ನ ಭುಜದ ಮೇಲೆ ಇಟ್ಟ.

"ಬರೋಕೆ ನಂಗೂ ಆಸೆ. ಎಲ್ಲರಿಗೂ ಆಸೆ," ಎಂದ. "ಆದ್ರೆ ನಡುವೆ ಯಾರು ನಿಲ್ತಾರೆ, ಮಗಾ?"

ಅಷ್ಟರಲ್ಲಿ ಪಿಟ್‌ಮಾರ್‌ನ ಪೈಪ್ ಮೇಜರ್ ಕೂಗಿದ. ವಾಟಿ ಡ್ರಮ್ ಎತ್ತಿ ಹೆಗಲಿಗೆ ಹಾಕಿಕೊಂಡು ಅವರ ಸಾಲಿಗೆ ಹೋಗಿ ನಿಂತ.

ಮನೆಗೆ ಬಂದಾಗಿನಿಂದ ಇಲ್ಲೇ ಕೂತಿದ್ದೇನೆ. ಬೀದಿಯ ಮೇಲಿನ ತುದಿಯಿಂದ ಶುರುಮಾಡಿ ಊರಿನ ಒಂದೊಂದೇ ಮನೆ ನೆನಪಿಸಿಕೊಂಡೆ, ಯಾರನ್ನು ನಿಲ್ಲಿಸಬಹುದು ಎಂದು. ಕೆಳಗಿನ ಸೇತುವೆಯ ತನಕ ಬಂದೆ. ಇನ್ನೂ ಒಂದು ಹೆಸರೂ ಸಿಕ್ಕಿಲ್ಲ.